ವಿಮಾನ ಇಳಿಯುವವರೆಗೆ

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಂಥ ಗಟ್ಟಿ ಗಂಟೊಂದಿತ್ತು. ವರ್ಷಗಟ್ಟಲೆ ಪೊರಕೆ ಹಿಡಿದು ಎದ್ದದ್ದು. ನನ್ನ ತಲೆ ಸವರುವಾಗ ಚುಚ್ಚುತ್ತಿತ್ತು. ಎಡಗೈಯಲ್ಲಿತ್ತೇ ಎಂದು ಈಗ ಅನುಮಾನ; ಚುಚ್ಚುತ್ತಿದ್ದುದು ಮಾತ್ರ ನಿಜ.

ನನ್ನಮ್ಮನ ಅಕ್ಕ ಅವಳು. ಬಂಗಾರಪೇಟೆಯ ಅವಳ ಮನೆಯಲ್ಲಿದ್ದುಕೊಂಡೇ ನಾನು ಕಾಲೇಜು ಓದಿದೆ. ಕಸ ಕಂಡರೆ ಆಗದವಳು. ಓದುತ್ತ ಕೂತವನ ಸುತ್ತಲೂ ಗುಡಿಸುತ್ತ, "ಕಾಲೆತ್ತಲಾ, ಇಲ್ದಿದ್ರೆ ನಿನ್ನೂ ಸೇರಿಸಿ ಗುಡಿಸ್ತೀನಿ" ಎನ್ನುವಳು. ಆದರೆ ಮನೆಯವರು ಯಾರಾದರೂ ಪ್ರಯಾಣ ಹೊರಟರೆ, ಅವರು ತಲುಪುವವರೆಗೆ ಮನೆಯೊಳಗೆ ಪೊರಕೆ ಆಡಿಸುತ್ತಿರಲಿಲ್ಲ. ಹಿಂದೆಯೇ ಗುಡಿಸಿದರೆ ಹೋದವರನ್ನೇ ಗುಡಿಸಿ ಹೊರಗೆ ಹಾಕಿದಂತೆ. ಬೇತಮಂಗಲಕ್ಕೋ ರಾಬರ್ಟ್‌ಸನ್‌ಪೇಟೆಗೋ ಹೋದವರು ಎಷ್ಟು ಹೊತ್ತಿಗೆ ಬಸ್ಸಿಳಿಯುತ್ತಾರೆಂದು ಅವಳಿಗೆ ಗೊತ್ತಿತ್ತು.

ಎಂಬತ್ತರ ದಶಕದ ಆರಂಭದಲ್ಲಿ ಅವಳ ಒಬ್ಬಳೇ ಮಗಳು, ನಾನು ಅಕ್ಕ ಎನ್ನುತ್ತಿದ್ದವಳು, ನರ್ಸ್ ಕೆಲಸಕ್ಕೆ ಲಂಡನ್ನಿಗೆ ಹೊರಟಳು. ಬೊಂಬಾಯಿ ಸೇರಿದೆ, ನಾಳೆ ಬೆಳಿಗ್ಗೆ ವಿಮಾನ ಎಂದು ಮೂಲೆಯಂಗಡಿಗೆ ಫೋನು ಮಾಡಿದಳು. ಮರುದಿನ ದೊಡ್ಡಮ್ಮ ನನ್ನನ್ನು ಹಿಡಿದುಕೊಂಡಳು.

"ಅಲ್ಲಿಂದ ಎಷ್ಟೊತ್ತಾಗ್ತದೆ? ಓದಿದ್ದೀಯಲ್ಲ, ಹೇಳು."

ಹೂ ಕಟ್ಟುವ ದಾರವನ್ನು ಭೂಪಟದ ಮೇಲೆಳೆದು ಲೆಕ್ಕ ಹಾಕಿದೆ. "ಏಳು ಸಾವಿರ ಕಿಲೋಮೀಟರಿನ ಮೇಲೆ. ಹತ್ತು ಗಂಟೆ ಆಗಬಹುದು."

"ಮಧ್ಯ ಎಲ್ಲೂ ನಿಲ್ಲಲ್ವಾ?"

"ಇಲ್ಲ."

"ಉಚ್ಚೆ ಬಂದ್ರೆ?"

ವಿಮಾನದಲ್ಲೇ ಕಕ್ಕಸು ಇರುತ್ತದೆಂದೆ. ನಂಬಲಿಲ್ಲ. ದಾರವನ್ನು ಬೆರಳಿಗೆ ಸುತ್ತಿಕೊಂಡು, "ಒಂದು ಗೇಣೂ ಇಲ್ಲ" ಎಂದಳು, ಮೆಲ್ಲಗೆ.

ಸಂಜೆಯ ಹೊತ್ತಿಗೆ ಆ ಹತ್ತು ಗಂಟೆಗಳು ಕಳೆದಿದ್ದವು. "ಇಳಿದಿರ್ತಾಳೆ, ಗುಡಿಸು ದೊಡ್ಡಮ್ಮ" ಎಂದೆ.

"ನಿನ್ ದಾರ ಇಳೀತು ಕಣ್ಲಾ. ಅವಳು ಇಳಿದ್ಲಾ?"

ಮಾರನೆಯ ದಿನವೂ ರಾಗಿಹಿಟ್ಟು, ಈರುಳ್ಳಿ ಸಿಪ್ಪೆ ಕಾಲಿಗೆ ಅಂಟುತ್ತಿದ್ದವು. "ಏನಕ್ಕಾ, ಇದು ಮನೇನಾ ಕೊಟ್ಟಿಗೇನಾ?" ಎಂದಳು ಪಕ್ಕದ ಮನೆಯಾಕೆ.

"ಕೊಟ್ಟಿಗೆ ಎರಡು ಸಲ ಗುಡಿಸಿದೀನಿ. ಅಲ್ಲೇ ಓಗಿ ಕೂತ್ಕೊಳವ್ವ."

ಕ್ಷೇಮವಾಗಿ ತಲುಪಿದ್ದೇನೆಂದು ತಂತಿ ಬಂದ ಮೇಲೆ ಪೊರಕೆ ಎತ್ತಿಕೊಂಡಳು. ಹೊಸ್ತಿಲ ಬಳಿ ಮಗಳ ಜಡೆಯಿಂದ ಬಿದ್ದು ಒಣಗಿದ ಕನಕಾಂಬರವಿತ್ತು. ಅದನ್ನು ಬಿಟ್ಟು ಸುತ್ತಲೂ ಗುಡಿಸಿದಳು. ಎಷ್ಟೋ ವರ್ಷಗಳ ನಂತರ ಅಕ್ಕನಿಗೆ ಇದನ್ನು ಹೇಳಿದೆ. "ನಾನು ಅವತ್ತು ಹೂವೇ ಮುಡಿದಿರಲಿಲ್ವಲ್ಲೋ" ಎಂದಳು. ಹಾಗಾದರೆ ನೆನಪಿನಲ್ಲಿ ಆ ಹೂವನ್ನು ಅಲ್ಲಿ ಇಟ್ಟವನು ನಾನೇ ಇರಬೇಕು.

ಮುಂದೆ ಸಂಶೋಧನೆಗೆಂದು ನಾನೂ ಅದೇ ದಾರಿ ಹಿಡಿದೆ. ಪ್ರತಿ ಸಲ ಇಳಿದೊಡನೆ ಮೂಲೆಯಂಗಡಿಗೆ ಫೋನು. "ಗುಡಿಸ್ಲಾ?" ಇಷ್ಟೇ ಅವಳ ಪ್ರಶ್ನೆ.

ತೊಂಬತ್ತರ ದಶಕದಲ್ಲಿ ಅವಳು ತೀರಿಕೊಂಡಳು. ತಿಥಿ ಮುಗಿಸಿ ಹೊರಟೆ. ಅಂಗಳ ದಾಟುವಷ್ಟರಲ್ಲಿ ಹಿಂದೆ ಪೊರಕೆಯ ಸದ್ದು. ನೆಂಟರ ಹುಡುಗಿಯೊಬ್ಬಳು ಮನೆ ಗುಡಿಸುತ್ತಿದ್ದಳು. ಅವಳಿಗೇನು ಗೊತ್ತು.

ಆ ಶಾಸ್ತ್ರವನ್ನು ನಾನು ನಂಬಿದವನಲ್ಲ, ಈಗಲೂ ನಂಬುವುದಿಲ್ಲ. ಆದರೂ ಲಂಡನ್ನಿನಲ್ಲಿ ಇಳಿದವನು ಅಭ್ಯಾಸಬಲದಿಂದ ಫೋನಿನ ಮುಂದೆ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಹಿಂದಿನವನಿಗೆ ಜಾಗ ಬಿಟ್ಟುಕೊಟ್ಟೆ.