ತಿಮ್ಮಪ್ಪ ಹಿಂದಕ್ಕೆಳೆದ ಎಡಗೈ

ನಾನು ಎಸೆದ ಚೆಂಡು ಎದೆಯ ಮಟ್ಟಕ್ಕೆ ಬರುತ್ತಿದ್ದಂತೆ ತಿಮ್ಮಪ್ಪ ಗ್ಲೌಸ್ ತೊಟ್ಟಿದ್ದ ಎಡಗೈಯನ್ನು ಹಿಂದಕ್ಕೆ ಎಳೆದುಕೊಂಡು, ಬರಿಯ ಬಲಗೈಯನ್ನು ಮುಂದೆ ಚಾಚಿದ. ಟಪ್ ಎಂಬ ಸದ್ದಾಯಿತು. ಹುಡುಗ ಕೈಯನ್ನು ಹೊಟ್ಟೆಗೆ ಅವುಚಿಕೊಂಡು ಮೈದಾನದಲ್ಲೇ ಕುಳಿತುಬಿಟ್ಟ.

ಅದು ಅರವತ್ತರ ದಶಕ. ಹೊಸನಗರದ ಹೈಸ್ಕೂಲೊಂದರಲ್ಲಿ ನಾನು ಡ್ರಿಲ್ ಮೇಷ್ಟ್ರು. ನಮ್ಮಲ್ಲಿ ಇಂಗ್ಲಿಷ್ ಕಲಿಸಲು ಬಂದಿದ್ದ ಅಮೆರಿಕದ ತರುಣನೊಬ್ಬ ನನಗೆ ಬೇಸ್‌ಬಾಲ್ ಕಲಿಸಿ, ಎರಡು ಚರ್ಮದ ಗ್ಲೌಸ್ ಬಿಟ್ಟುಹೋಗಿದ್ದ. ಎಡಗೈಯಲ್ಲಿ ಹಿಡಿಯಬೇಕು, ಬಲಗೈಯಲ್ಲಿ ಎಸೆಯಬೇಕು ಎಂದು ಹುಡುಗರಿಗೆ ವಾರವಿಡೀ ಹೇಳಿಕೊಟ್ಟಿದ್ದೆ. ಗೆಳೆಯರು ಎಸೆದ ಒಂದು ಚೆಂಡನ್ನೂ ತಿಮ್ಮಪ್ಪ ಬಿಟ್ಟಿರಲಿಲ್ಲ. ಎಸೆತ ಹೇಗಿರಬೇಕೆಂದು ತೋರಿಸುವ ಹುಮ್ಮಸ್ಸಿನಲ್ಲಿ ಅಂದು ಮೊದಲ ಸಲ ನಾನೇ ಎಸೆದಿದ್ದೆ, ಅದೂ ಜೋರಾಗಿ.

ಓಡಿಹೋಗಿ ನೋಡಿದರೆ ನಡುಬೆರಳು ಓರೆಯಾಗಿ ಊದುತ್ತಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹದಿನೈದೇ ದಿನ ಉಳಿದಿತ್ತು. ಬರೆಯುವ ಕೈ. ಹೆದರಿಕೆಗಿಂತ ಮೊದಲು ನನಗೆ ಸಿಟ್ಟು ಬಂತು.

"ಎಡಗೈ ಯಾಕೋ ಎಳ್ಕೊಂಡೆ?" ಎಂದು ಗದರಿದೆ.

ಅವನು ತಲೆ ಎತ್ತಲಿಲ್ಲ. "ಮೇಷ್ಟ್ರು ಕೊಟ್ಟಿದ್ದನ್ನ ಎಡಗೈಲಿ ಹೆಂಗೆ ತಗಳದು ಸಾರ್?"

ಅವನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದೆ. ಬೆರಳಿಗೆ ಕಟ್ಟಿದ ಪಟ್ಟಿಯೊಂದಿಗೇ ಅವನು ಪರೀಕ್ಷೆ ಬರೆದು ಪಾಸಾದ. ಬೆರಳು ಮಾತ್ರ ನೆಟ್ಟಗಾಗಲಿಲ್ಲ.

ಕೆಲವು ವರ್ಷಗಳ ನಂತರ ತಿಮ್ಮಪ್ಪ ತನ್ನ ಮದುವೆಯ ಕಾಗದ ಕೊಡಲು ನಮ್ಮ ಮನೆಗೆ ಬಂದ. ಕಾಗದ ಹಿಡಿದಿದ್ದ ಬಲಗೈಯಲ್ಲಿ ಆ ಬೆರಳು ಇನ್ನೂ ಓರೆಯಾಗಿಯೇ ಇತ್ತು. ನಾನು ಎದ್ದು ನಿಂತು, ಎರಡೂ ಕೈ ಚಾಚಿ ತೆಗೆದುಕೊಂಡೆ.