ನ್ಯೂಟ್ ಅಲ್ಲ, ಅಳಿಲು

ಟೀಚರ ಅಂಗೈ ಸದಾ ಬೆವರುತ್ತಿತ್ತು. ಚಾಕ್ ಒದ್ದೆಯಾಗುತ್ತದೆಂದು ಅದಕ್ಕೊಂದು ಕರವಸ್ತ್ರ ಸುತ್ತಿ ಬರೆಯುತ್ತಿದ್ದರು. ಸೊಂಟದಲ್ಲಿ ಇಸ್ತ್ರಿ ಮಾಡಿದ ಇನ್ನೊಂದು ಇರುತ್ತಿತ್ತು; ಅದನ್ನು ಬಿಡಿಸಿದ್ದು ನಾವ್ಯಾರೂ ನೋಡಿರಲಿಲ್ಲ. ಮಣ್ಣಗುಡ್ಡದ ಅವರ ಮನೆಯ ಜಗಲಿಯಲ್ಲಿ ನಮಗೆ ಜೀವಶಾಸ್ತ್ರದ ಟ್ಯೂಷನ್. ಅಷ್ಟು ಪುಕ್ಕಲು ಮನುಷ್ಯರನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಲ್ಲಿ ಲೊಚಗುಟ್ಟಿದರೆ ಪಾಠ ನಿಲ್ಲುತ್ತಿತ್ತು. ರಸ್ತೆ ದಾಟಲು ನಮ್ಮ ಕೈ ಹಿಡಿಯುತ್ತಿದ್ದರು.

ಅಂಗಳದ ತೆಂಗಿನಮರದಲ್ಲಿ ಒಂದು ಮೋಟು ಬಾಲದ ಅಳಿಲು ಹತ್ತಿ ಇಳಿಯುತ್ತಿತ್ತು. ಅರ್ಧ ಬಾಲ ಬೆಕ್ಕಿನ ಪಾಲಾಗಿತ್ತು. ಒಂದು ದಿನ ಪುಸ್ತಕದಲ್ಲಿದ್ದ ನ್ಯೂಟ್ ಚಿತ್ರದ ಪಕ್ಕ ಅಳಿಲಿನ ಚಿತ್ರವನ್ನೂ ಬರೆಸಿದರು. ನೋಡಲು ಹಲ್ಲಿ, ಕುಲದಲ್ಲಿ ಕಪ್ಪೆಯ ನೆಂಟ, ಈ ನ್ಯೂಟ್.

"ಇದಕ್ಕೆ ಕಾಲು ಹೋದ್ರೂ ಮತ್ತೆ ಬರ್ತದೆ, ಎಲುಬು ಸಮೇತ. ಅಳಿಲು ಎಷ್ಟು ಚುರುಕಿದ್ರೂ ಹೋದದ್ದು ಹೋಯ್ತು. ಅದು ಅಷ್ಟು ಹೆದರುದು ಅದಕ್ಕೇ" ಎಂದರು. ತಮ್ಮ ಪರವಾಗಿಯೇ ವಾದಿಸುತ್ತಿದ್ದಾರೆಂದು ನಾವು ಮುಸಿಮುಸಿ ನಕ್ಕೆವು.

ನಮ್ಮದು ಮೀನು ವ್ಯಾಪಾರದ ಮನೆ, ಟೀಚರ ಮನೆಯ ಹಿಂದೆಯೇ. ಒಂದು ಭಾನುವಾರ ಅಮ್ಮನ ಜೊತೆ ಅಂಜಲ್ ಮೀನು ತುಂಡು ಮಾಡುತ್ತಿದ್ದೆ. ಕತ್ತಿ ಜಾರಿತು. ಎಡಗೈಯ ತೋರುಬೆರಳು ಮೀನಿನ ತುಂಡುಗಳ ನಡುವೆ ಬಿದ್ದಿತ್ತು. ನೋವಿಗಿಂತ ಮೊದಲು ಬಂದದ್ದು ಹೆದರಿಕೆ. ಕಿವಿ ಗುಂಯ್‌ಗುಟ್ಟಿತು.

ಅಮ್ಮನ ಬೊಬ್ಬೆ ಕೇಳಿ ಟೀಚರು ಓಡಿ ಬಂದರು. ರಕ್ತ ಕಂಡು ಅವರ ಮುಖ ಬಿಳಿಚಿತು. ನನ್ನ ಕೈಗೆ ಬಟ್ಟೆ ಒತ್ತಿ ಹಿಡಿದು, "ಬೆರಳು ಎಲ್ಲಿ?" ಎಂದರು.

"ಐಸಲ್ಲಿ ಉಂಟು ಟೀಚರೇ. ಉಪ್ಪೂ ಹಾಕಿದ್ದೇನೆ, ಹಾಳಾಗುದಿಲ್ಲ" ಎಂದಳು ಅಮ್ಮ.

"ಅಯ್ಯೋ, ಅದು ಮೀನಲ್ಲ! ಐಸ್ ನೇರ ತಾಗಿದ್ರೆ ಸತ್ತೇ ಹೋಗ್ತದೆ!"

ಹಲ್ಲಿಗೆ ಹೆದರುವ ಟೀಚರು ಮೀನಿನ ಪೆಟ್ಟಿಗೆಗೆ ಕೈ ಹಾಕಿ ಬೆರಳನ್ನು ಹುಡುಕಿ ತೆಗೆದರು. ತೊಳೆದು, ಇಸ್ತ್ರಿಯ ಆ ಕರವಸ್ತ್ರವನ್ನು ಒದ್ದೆ ಮಾಡಿ ಸುತ್ತಿದರು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಟ್ಟರು.

ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಕೇಳಿದೆ, "ಟೀಚರ್, ನನಗೆ ಮತ್ತೆ ಬರ್ತದಾ?"

"ನೀನು ನ್ಯೂಟ್ ಅಲ್ಲ ಮಾರಾಯ್ತಿ, ಅಳಿಲು. ಇದ್ದದ್ದನ್ನೇ ಉಳಿಸ್ಬೇಕು."

"ನಿಮಗೆ ಹೆದರಿಕೆ ಆಗುದಿಲ್ವಾ?"

"ಆಗ್ತಾ ಉಂಟು. ನನ್ನ ಕೈ ಬಿಡ್ಬೇಡ."

ಇನ್ನೊಂದು ಕೈಯಿಂದ ಅವರ ಒದ್ದೆ ಅಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಸ್ಪತ್ರೆಯ ಬಾಗಿಲಿನವರೆಗೂ ಇಬ್ಬರೂ ಬಿಡಲಿಲ್ಲ.

ಬೆರಳು ಉಳಿಯಿತು, ಸ್ವಲ್ಪ ಡೊಂಕಾಗಿ. ಕಳೆದ ಮಳೆಗಾಲದಲ್ಲಿ ಟೀಚರು ತೀರಿಕೊಂಡರು. ಅದೇ ಜಗಲಿಯಲ್ಲಿ ಮಲಗಿಸಿದ್ದರು. ಹತ್ತಿರ ಕೂತು ಕೈ ಹಿಡಿದೆ. ಅಂಗೈ ಪೂರ್ತಿ ಒಣಗಿತ್ತು. ಇನ್ನು ಹೆದರುವುದಕ್ಕೆ ನಾನೊಬ್ಬಳೇ.