ಎಡಗಡೆಯಿಂದ ಬರುವುದು

ಕಾರು ಮಾರಲು ಹೊರಟು ಕಳೆದ ವಾರ ಡಿಕ್ಕಿ ಖಾಲಿ ಮಾಡುತ್ತಿದ್ದೆ. ಸ್ಟೆಪ್ನಿಯ ಪಕ್ಕ, ಹಳೆಯ ಟವೆಲಿನ ಅಡಿಯಲ್ಲಿ, ಗಾಳಿ ಹೋಗಿ ಸೊರಗಿದ ಒಂದು ಕಂದು ಚೆಂಡು ಸಿಕ್ಕಿತು. ಎರಡೂ ತುದಿ ಚೂಪಾಗಿರುವ ಅಮೆರಿಕನ್ ಫುಟ್‌ಬಾಲ್ ಚೆಂಡು. ಕಾದ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಎದೆ ಧಸಕ್ಕೆಂದಿತು. ಒಳ್ಳೆಯ ನೆನಪು ಬಂದರೂ ನನಗೆ ಮೊದಲು ಬರುವುದು ಹೆದರಿಕೆಯೇ, ಏನು ಮಾಡಲಿ.

ಈ ಚೆಂಡನ್ನು ಮೊದಲು ಹಿಡಿದ ವರ್ಷ ದೋಹಾದ ಅಲ್ ಶಮಾಲ್ ರಸ್ತೆಯಲ್ಲಿ ಒಂದು ಪಿಕಪ್ ನನ್ನ ಕಾರಿನ ಎಡಬದಿಗೆ, ಅಂದರೆ ಇಲ್ಲಿ ಓಡಿಸುವವನು ಕೂರುವ ಬದಿಗೆ, ಗುದ್ದಿತ್ತು. ಮುರಿದ ಮೂಳೆ ಕೂಡಿಕೊಂಡಿತು, ಹೋದ ಧೈರ್ಯ ಬರಲಿಲ್ಲ. ಎಡಗಡೆಯಿಂದ ಏನೇ ಬರಲಿ, ಆಫೀಸಿನ ಚಹಾದ ಟ್ರಾಲಿ ಬಂದರೂ ಸಾಕು, ನಿಂತಲ್ಲೇ ಮರಗಟ್ಟುತ್ತಿದ್ದೆ. ಸ್ಟೀರಿಂಗ್ ಮುಟ್ಟುವ ಮಾತೇ ಇರಲಿಲ್ಲ. ನನ್ನದೋ ಉತ್ತರದ ಸೈಟುಗಳಿಗೆ ಓಡಾಡುವ ಕೆಲಸ. ಇನ್ನೆಷ್ಟು ದಿನ ನಿಮಗೆ ಡ್ರೈವರ್ ಕೊಡುವುದು ಎಂದು ಮ್ಯಾನೇಜರ್ ನಯವಾಗಿಯೇ ಕೇಳಿದ್ದರು. ಇಲ್ಲಿ ಕೆಲಸ ಹೋದರೆ ವೀಸಾ ಹೋಯಿತು, ಮನೆ ಹೋಯಿತು, ಮಗಳ ಶಾಲೆ ಹೋಯಿತು…

ಅಲ್ ಥುಮಾಮಾದ ನಮ್ಮ ಕಟ್ಟಡದಲ್ಲಿ, ನಮ್ಮ ಮೇಲಿನ ಮಹಡಿಯಲ್ಲಿದ್ದವರು ಈ ಚೆಂಡಿನ ಒಡೆಯರು. ಉಡುಪಿ ಕಡೆಯವರು. ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಕೆಲಸ, ಹೋಗಿಬರಲು ಕಂಪನಿಯ ಬಸ್ಸು. ಹಿಂದೆ ಅಮೆರಿಕನ್ನರ ಜೊತೆ ದುಡಿಯುವಾಗ ಈ ಆಟದ ಹುಚ್ಚು ಹತ್ತಿಸಿಕೊಂಡು, ಶುಕ್ರವಾರದ ಬೆಳಿಗ್ಗೆ ಒಂದು ತಂಡಕ್ಕೆ ಕೋಚ್ ಆಗಿದ್ದರು. ಮೈಮೇಲೆ ಬಿದ್ದು ಕೆಡವುವ ಆಟ ಅದಲ್ಲ. ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಎದುರಾಳಿ ಕಿತ್ತರೆ ಅಲ್ಲಿಗೆ ಖಲಾಸ್. ಲಿಫ್ಟಿನಲ್ಲಿ ನನ್ನ ಕಥೆ ಕೇಳಿದವರು, "ಬನ್ನಿ ಮಾರಾಯ್ರೆ, ನಿಮ್ಮ ಹೆದರಿಕೆಗೆ ನಮ್ಮಲ್ಲಿ ಕೆಲಸ ಉಂಟು" ಅಂದರು. ಕೆಲಸವೆಂದರೆ ಕ್ವಾರ್ಟರ್‌ಬ್ಯಾಕ್‌ನದು, ಅಂದರೆ ಚೆಂಡು ಹಿಡಿದು ದೂರದ ಜೊತೆಗಾರನಿಗೆ ಎಸೆಯುವವನದು. ಎದುರಾಳಿಗಳು ಅಟ್ಟಿಸಿಕೊಂಡು ಬರುವುದು ಅವನನ್ನೇ.

ನಾನು ಮೈಸೂರಿನಲ್ಲಿ ಕ್ರಿಕೆಟ್ ಆಡಿಕೊಂಡಿದ್ದವನು. ಬೌಂಡರಿಯಲ್ಲಿ ಚೆಂಡು ಎತ್ತಿ, ಕಾಲೂರಿ ನಿಂತು, ಗುರಿ ನೋಡಿ ಎಸೆದು ಅಭ್ಯಾಸ. ಅಲ್ಲಿ ಹಾಗೆ ನಿಂತರೆ ಕೇಳುವವರಿಲ್ಲ. ಇಲ್ಲಿ ನಿಂತದ್ದೇ ತಪ್ಪು. ನಿಂತ ಕೂಡಲೇ ಎಡಗಡೆಯಿಂದ ದಬದಬ ಹೆಜ್ಜೆ ಸಪ್ಪಳ, ನನ್ನ ಕೈಕಾಲು ತಣ್ಣಗೆ, ಚೆಂಡು ಕೈಯಲ್ಲೇ. ಓಡುತ್ತಲೇ ಎಸೆಯುವುದನ್ನು ಅವರು ಕಲಿಸತೊಡಗಿದರು. ಚೆಂಡನ್ನು ಎರಡೂ ಕೈಯಲ್ಲಿ ಎದೆಗೆ ಹತ್ತಿರ ಹಿಡಿಯಬೇಕು. ಬಲಕ್ಕೆ ಓಡುತ್ತ ಓಡುತ್ತ ಸೊಂಟವನ್ನೂ ಭುಜವನ್ನೂ ಎಸೆಯುವ ದಿಕ್ಕಿಗೆ ತಿರುಗಿಸಬೇಕು. ಎಸೆದ ಮೇಲೂ ಕಾಲು ಆ ಕಡೆಗೇ ಹೋಗುತ್ತಿರಬೇಕು. ಎಲ್ಲಕ್ಕಿಂತ ಮೊದಲು ಕಣ್ಣು.

"ಗ್ಯಾಸ್ ಅಲಾರಂ ಹೊಡೆದ್ರೆ ಗ್ಯಾಸ್ ಎಲ್ಲಿ ಉಂಟು ಅಂತ ಹುಡುಕ್ಲಿಕ್ಕೆ ನಾವು ನಿಲ್ಲುದಿಲ್ಲ. ಗಾಳಿ ಎತ್ತ ಬೀಸ್ತದೆ ಅಂತ ಕಂಬದ ಮೇಲಿನ ಗಾಳಿಚೀಲ ನೋಡುದು, ಅದಕ್ಕೆ ಅಡ್ಡ ಓಡುದು. ಬರುವವನನ್ನು ನೋಡ್ಬೇಡಿ. ಹೋಗುವಲ್ಲಿ ನೋಡಿ."

ಹೇಳುವುದು ಸುಲಭ. ಎಷ್ಟೋ ಶುಕ್ರವಾರ ನಾನು ನಿಂತೇ ಬಿಟ್ಟೆ, ಅವರು ಬೈದೇ ಬೈದರು. ತುಳುವಿನಲ್ಲಿ ಬೈದರೆ ನನಗೆ ಅರ್ಥವಾಗದೆಂದು ಮತ್ತೆ ಕನ್ನಡದಲ್ಲಿ ಬೈಯುತ್ತಿದ್ದರು. ಅಭ್ಯಾಸದಲ್ಲಿ ಎದುರಾಗಿ ಆಡುತ್ತಿದ್ದ ನಮ್ಮದೇ ತಂಡದ ಫಿಲಿಪೀನೋ ಹುಡುಗರು ಪಾಪವೆಂದು ನನ್ನ ಪಟ್ಟಿಯನ್ನು ಮೆಲ್ಲಗೆ ಕೀಳತೊಡಗಿದಾಗ ಮಾತ್ರ ನಾಚಿಕೆಯಿಂದ ಕುಗ್ಗಿಹೋದೆ.

ಒಮ್ಮೆ ಎಡಗಡೆಯಿಂದ ಬಂದ ಚೆಂಡು ಅವರದೇ ಕಿವಿಗೆ ಬಡಿಯಿತು. ತಡೆಯಲು ಕೈಯನ್ನೂ ಎತ್ತಿರಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯಿತು ಎಂದು ನಕ್ಕರು. ಸೂರ್ಯ ಇದ್ದದ್ದು ಅವರ ಬೆನ್ನ ಹಿಂದೆ. ಆಗಾಗ ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದರು, ಧೂಳು ಅನ್ನುತ್ತಿದ್ದರು. ದೋಹಾದಲ್ಲಿ ಧೂಳಿಗೇನು ಬರ, ನಾನು ನಂಬಿದೆ.

ಮೈದಾನಕ್ಕೆ ಅವರ ಕಾರಿನಲ್ಲೇ ಹೋಗಿಬರುತ್ತಿದ್ದೆವು. ಅವತ್ತು ಆಟ ಮುಗಿಸಿ ಮನೆಗೆ ಬರುವ ದಾರಿ. ಶುಕ್ರವಾರ ಬೆಳಿಗ್ಗೆ ರಸ್ತೆ ಖಾಲಿ, ಅದಕ್ಕೇ ಬರುವ ಗಾಡಿಗಳಿಗೆ ಲಂಗುಲಗಾಮಿಲ್ಲ. ರೌಂಡ್‌ಅಬೌಟ್ ಹತ್ತಿರವಾಯಿತು. ಎಡಗಡೆಯಿಂದ ಒಂದು ಬಿಳಿ ಲ್ಯಾಂಡ್ ಕ್ರೂಸರ್ ಸುತ್ತಿಕೊಂಡು ಬರುತ್ತಿತ್ತು. ಇವರು ಬ್ರೇಕ್ ಒತ್ತುತ್ತಾರೆ ಎಂದುಕೊಂಡೆ… ಒತ್ತಲಿಲ್ಲ. ನನ್ನ ನಾಲಿಗೆ ಅಂಟಿಕೊಂಡಿತು. ಅದೇ ಬದಿ, ಅದೇ ವೇಗ, ಮೈಯೆಲ್ಲ ಕಲ್ಲಾಯಿತು. ಆಮೇಲೆ ಹೇಗೋ ಕಣ್ಣು ಆ ಗಾಡಿಯನ್ನು ಬಿಟ್ಟು ಬಲಗಡೆಯ ಮರಳಿನ ಕಡೆ ಹೋಯಿತು. ಕಣ್ಣು ಹೋದತ್ತ ಕೈ ಹೋಯಿತು. ಸ್ಟೀರಿಂಗ್ ಹಿಡಿದು ನನ್ನ ಕಡೆಗೆ ಎಳೆದೆ. ಕಾರು ಅಂಚುಕಲ್ಲು ಹತ್ತಿ, ಮರಳಿಗೆ ಇಳಿದು ನಿಂತಿತು. ಲ್ಯಾಂಡ್ ಕ್ರೂಸರ್ ಹಾರ್ನ್ ಹೊಡೆಯುತ್ತ ಹೋಗಿಯೇ ಬಿಟ್ಟಿತು.

ಬೈಯುತ್ತಾರೆ ಎಂದುಕೊಂಡೆ. "ಎಂತ ಮಾಡಿದ್ರಿ ಮಾರಾಯ್ರೆ?" ಅಂದರು.

"ಸಾರ್, ಆ ಗಾಡಿ…"

"ಯಾವ ಗಾಡಿ?"

ಅಪಘಾತದ ದಿನ ಕೂಡ ನಾನು ಅಷ್ಟು ಹೆದರಿರಲಿಲ್ಲ. ಅವರು ನನ್ನ ಮುಖ ನೋಡಿದರು, ತಲೆಯನ್ನು ಪೂರ್ತಿ ತಿರುಗಿಸಿ. ಆಮೇಲೆ ಇಂಜಿನ್ ಆರಿಸಿದರು. ಮುಂದೆ ಮಾತ್ರ ಕಾಣುತ್ತದೆ, ಬದಿ ಕಾಣುವುದಿಲ್ಲ, ಒಂದು ವರ್ಷದಿಂದ ಹೀಗೆ, ಹೆಂಡತಿಗೂ ಹೇಳಿಲ್ಲ ಎಂದರು. ಬರುವ ತಿಂಗಳು ಕಂಪನಿಯಲ್ಲಿ ಕಣ್ಣಿನ ತಪಾಸಣೆಯಿತ್ತಂತೆ. ಅದರಲ್ಲಿ ಸಿಕ್ಕಿಬಿದ್ದರೆ ಕೆಲಸ ಉಳಿಯದು. ಹೆದರುವುದು ನಾನೊಬ್ಬನೇ ಎಂದು ಅದುವರೆಗೆ ತಿಳಿದಿದ್ದೆ.

ಇಳಿದು ಬಂದು ನನ್ನ ಬಾಗಿಲು ತೆರೆದರು. "ಇನ್ನು ನಾನು ಓಡಿಸುದಿಲ್ಲ. ನೀವು ಓಡಿಸಿ."

ಆಗುವುದಿಲ್ಲ ಎಂದೆ. ಅವರು ಬಾಗಿಲು ಹಿಡಿದು ನಿಂತೇ ಇದ್ದರು. ಕೊನೆಗೆ ನಾನೇ ಆ ಕಡೆ ಹೋಗಿ ಕುಳಿತೆ. ಮನೆವರೆಗೂ ಜೀವ ಕೈಯಲ್ಲಿ ಹಿಡಿದು ಓಡಿಸಿದೆ. ಪಕ್ಕದಲ್ಲಿ ಅವರು ಸೀಟ್‌ಬೆಲ್ಟನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದರು. ಬರುವವನನ್ನು ನೋಡಬೇಡಿ ಎನ್ನುತ್ತಿದ್ದವರು ಪ್ರತಿ ತಿರುವಿನಲ್ಲೂ ಮೆಲ್ಲಗೆ, "ಎಡಕ್ಕೆ ನೋಡಿ… ಎಡಕ್ಕೆ ನೋಡಿ" ಅನ್ನುತ್ತಿದ್ದರು.

ತಪಾಸಣೆಗೆ ಕಾಯದೆ ಮರುದಿನವೇ ತಾವಾಗಿ ಕಂಪನಿಗೆ ಹೋಗಿ ಕಣ್ಣಿನ ವಿಷಯ ಹೇಳಿದರು. ಕೆಲಸ ಮುಗಿಯಿತು. ಊರಿಗೆ ಹೊರಟಾಗ ಕಾರನ್ನು ನಾನು ಕೊಂಡೆ, ಚೆಂಡು ಅದರಲ್ಲೇ ಉಳಿಯಿತು. ನನ್ನ ಕೆಲಸ ಉಳಿದದ್ದೂ ಆ ಕಾರಿನಿಂದಲೇ. ಫೋನಿನಲ್ಲಿ ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ, ಓಡಿಸ್ತಾ ಇದ್ದೀರಲ್ಲ ಎಂದು. ಬರಬರುತ್ತ ಮುಂದಿನದೂ ಅವರಿಗೆ ಕಾಣದಾಯಿತು. ಹೋದ ವರ್ಷ ಅವರ ಹೆಂಡತಿ ಫೋನ್ ಮಾಡಿ, ಅವರು ಹೋದರು ಎಂದರು…

ನಿನ್ನೆ ಕಾರನ್ನು ಕೊಂಡವನ ಮನೆಗೆ ತಲುಪಿಸಲು ಹೋದೆ. ಚೆಂಡನ್ನು ಮಾತ್ರ ಪಕ್ಕದ ಸೀಟಿನಲ್ಲಿ ಇಟ್ಟುಕೊಂಡಿದ್ದೆ. ಅದೇ ರೌಂಡ್‌ಅಬೌಟಿನಲ್ಲಿ ಕೈ ತಣ್ಣಗಾಯಿತು, ಇಷ್ಟು ವರ್ಷಗಳ ಮೇಲೂ. ಎಡಕ್ಕೆ ನೋಡಿದೆ. ರಸ್ತೆ ಖಾಲಿ. ಮತ್ತೊಮ್ಮೆ ನೋಡಿದೆ. ಹಿಂದಿನವನು ಹಾರ್ನ್ ಹೊಡೆದ. ಅವರಿದ್ದಿದ್ದರೆ ಇಷ್ಟು ಹೊತ್ತು ನಿಂತದ್ದಕ್ಕೆ ಮೊದಲು ತುಳುವಿನಲ್ಲಿ, ಆಮೇಲೆ ಕನ್ನಡದಲ್ಲಿ ಬೈಯುತ್ತಿದ್ದರು. ಬೈಯುವವರು ಯಾರೂ ಇರಲಿಲ್ಲ, ನಾನೇ ಹೊರಟೆ.